ಎನ್‌ಟಿ 4 ಸರ್ವರ್, ಮೂರು ಡಿಸ್ಕಿನ ವಾಲ್ಯೂಮ್ ಸೆಟ್: ಬ್ಯಾಕಪ್ ಹೇಗೆ, ವಾಪಸ್ ತರೋದು ಹೇಗೆ?

ಗುಬ್ಬಿ_ಅಡ್ಮಿನ್
ಎಲ್ಲರಿಗೂ ನಮಸ್ಕಾರ. ವಿಂಡೋಸ್ ಎನ್‌ಟಿ 4.0 ಸರ್ವರ್, ಸರ್ವಿಸ್ ಪ್ಯಾಕ್ 6ಎ. ನಾಲ್ಕು ಸ್ಕಸಿ (ಹಳೇ ಸರ್ವರ್‌ಗಳ ಡಿಸ್ಕ್ ಜೋಡಣೆ) ಡಿಸ್ಕ್ ಇವೆ. ಡಿಸ್ಕ್ 0ರಲ್ಲಿ ಓಎಸ್. ಡಿಸ್ಕ್ 1 ಮತ್ತು 2 ತಲಾ 4.3 ಜಿಬಿ, ಡಿಸ್ಕ್ 3 ಮಾತ್ರ 9.1 ಜಿಬಿ. ಈ ಮೂರನ್ನೂ ಡಿಸ್ಕ್ ಅಡ್ಮಿನಿಸ್ಟ್ರೇಟರ್‌ನಲ್ಲಿ ವಾಲ್ಯೂಮ್ ಸೆಟ್ ಮಾಡಿ ಒಂದೇ ಇ ಡ್ರೈವ್ ಮಾಡಿದ್ದಾರೆ, ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್. ಹಾರ್ಡ್‌ವೇರ್ ರೈಡ್ (ಹಲವು ಡಿಸ್ಕನ್ನ ಕಾರ್ಡೇ ಒಂದಾಗಿ ನೋಡಿಕೊಳ್ಳೋ ಏರ್ಪಾಡು) ಇಲ್ಲ. ಈವೆಂಟ್ ವ್ಯೂಯರ್‌ನಲ್ಲಿ ಡಿಸ್ಕ್ 2ರ ಮೇಲೆ ಬ್ಯಾಡ್ ಬ್ಲಾಕ್ ಎರರ್ ಬರ್ತಾ ಇದೆ, ಈವೆಂಟ್ ಐಡಿ 7. ಸರ್ವರ್ ಸದ್ಯಕ್ಕೆ ಓಡ್ತಾ ಇದೆ.

ಶಟ್‌ಡೌನ್ ಮಾಡಿ, ಡಿಸ್ಕ್ 2 ಒಂದನ್ನೇ ಬಿಚ್ಚಿ, ಹೊಸದಕ್ಕೆ ಕ್ಲೋನ್ ಮಾಡಿ ವಾಪಸ್ ಹಾಕೋಣ ಅಂತ ಯೋಚನೆ. ಉಳಿದ ಎರಡಕ್ಕೆ ಏನೂ ಆಗಿಲ್ಲ, ಮುಟ್ಟೋದು ಬೇಡ ಅನ್ಕೊಂಡಿದ್ದೀನಿ. ಸರಿನಾ?

ಸೆಕ್ಟರ್63
ಶಟ್‌ಡೌನ್ ಮಾಡಬೇಡಿ. ಮೊದಲು ಓಡ್ತಿರೋವಾಗಲೇ ಫೈಲ್‌ಗಳನ್ನ ಹೊರಗೆ ತೆಗೀರಿ.

ಟೇಪ್_ಡೆಕ್
ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ವರ್ಷಗಟ್ಟಲೆ ತಿರುಗಿದ ಡಿಸ್ಕ್ ತಣ್ಣಗಾದ ಮೇಲೆ ಮತ್ತೆ ತಿರುಗದೇ ಇರಬಹುದು. ಹೆಡ್ಡು ಪ್ಲ್ಯಾಟರಿಗೆ ಅಂಟಿಕೊಳ್ಳುತ್ತೆ, ಇಲ್ಲವೇ ಬೇರಿಂಗಿನ ಜಿಡ್ಡು ಗಟ್ಟಿಯಾಗುತ್ತೆ. ವಾಲ್ಯೂಮ್ ಸೆಟ್‌ನಲ್ಲಿ ಮೂರರಲ್ಲಿ ಒಂದು ಏಳದಿದ್ದರೂ ಇಡೀ ಇ ಡ್ರೈವ್ ಹೋಯ್ತು. ಪ್ಯಾರಿಟಿ (ಕಳೆದದ್ದನ್ನ ಲೆಕ್ಕ ಹಾಕಿ ಮತ್ತೆ ಕಟ್ಟೋ ಮಾಹಿತಿ) ಇಲ್ಲ, ಮಿರರ್ (ಜೋಡಿ ನಕಲು) ಇಲ್ಲ. ಒಂದು ಡಿಸ್ಕ್ ತುಂಬಿದ ಮೇಲೆ ಮುಂದಿನದು, ಅಷ್ಟೇ ಅದರ ರಚನೆ. ಒಂದೇ ದೊಡ್ಡ ಡಿಸ್ಕಿಗಿಂತ ಇದು ಹೆಚ್ಚು ಅಪಾಯ, ಏಕೆಂದರೆ ಕೆಡೋಕೆ ಮೂರು ಡಿಸ್ಕ್ ಇವೆ.

ಟೇಪ್ ಡ್ರೈವ್ ಇದೆಯಾ? ಎನ್‌ಟಿ 4ರ ಎನ್‌ಟಿಬ್ಯಾಕಪ್ ಟೇಪಿಗೆ ಮಾತ್ರ ಬರೆಯುತ್ತೆ. ಫೈಲಿಗೆ ಬರೆಯೋ ಸೌಲಭ್ಯ ವಿಂಡೋಸ್ 2000ದಲ್ಲಿ ಬಂದದ್ದು. ಟೇಪ್ ಇದ್ದರೆ ಹೀಗೆ: ಎನ್‌ಟಿಬ್ಯಾಕಪ್ ಬ್ಯಾಕಪ್ ಇ: ಸಿ:, ಜೊತೆಗೆ /ವಿ (ಬರೆದದ್ದನ್ನ ಮತ್ತೆ ಓದಿ ತಾಳೆ ನೋಡೋಕೆ), /ಬಿ (ಈ ಮೆಷೀನಿನ ರಿಜಿಸ್ಟ್ರಿ, ಅಂದರೆ ವಿಂಡೋಸ್‌ನ ಸೆಟ್ಟಿಂಗ್‌ಗಳ ಸಂಗ್ರಹ), /ಎಲ್ ಕೊಟ್ಟು ಲಾಗ್ ಫೈಲ್. ಲಾಗನ್ನ ಕಡ್ಡಾಯವಾಗಿ ಓದಿ. ಬೇರೆ ಪ್ರೋಗ್ರಾಂ ಲಾಕ್ ಮಾಡಿಟ್ಟ ಫೈಲುಗಳನ್ನ ಅದು ಬಿಟ್ಟು ಮುಂದೆ ಹೋಗುತ್ತೆ. ಎಸ್‌ಕ್ಯೂಎಲ್ ಸರ್ವರ್ 6.5 ಇದ್ದರೆ ಅದರ ಡೇಟಾ ಫೈಲ್ ಟೇಪಿನಲ್ಲಿ ಇರೋದೇ ಇಲ್ಲ. ಸರ್ವಿಸ್ ನಿಲ್ಲಿಸಿ ಬ್ಯಾಕಪ್ ಮಾಡಿ, ಅಥವಾ ಮೊದಲು ಡಂಪ್ (ಡೇಟಾಬೇಸಿನ ನಕಲು) ತೆಗೆದು ಆ ಡಂಪ್ ಫೈಲನ್ನ ಬ್ಯಾಕಪ್ ಮಾಡಿ.

ಡಿಡಿಎಸ್-3 ಟೇಪು ಕಂಪ್ರೆಷನ್ ಇಲ್ಲದೆ 12 ಜಿಬಿ ಹಿಡಿಯುತ್ತೆ. ನಿಮ್ಮ 17.7 ಜಿಬಿ ತುಂಬಿದ್ದರೆ ಎರಡು ಟೇಪು ಬೇಕು. ಎರಡಕ್ಕೂ ನಂಬರ್ ಬರೆದಿಡಿ, ಆ ಸೆಟ್ಟಿನ ಕ್ಯಾಟಲಾಗ್ ಕೊನೆಯ ಟೇಪಿನಲ್ಲಿರುತ್ತೆ. ಕೊನೆಯದೇ ಕಳೆದುಹೋದರೆ /ಮಿಸ್ಸಿಂಗ್‌ಟೇಪ್ ಸ್ವಿಚ್ ಕೊಟ್ಟು ಎನ್‌ಟಿಬ್ಯಾಕಪ್ ಶುರು ಮಾಡಬೇಕು. ಆಗ ಪ್ರತಿ ಟೇಪನ್ನೂ ಬೇರೆ ಬೇರೆಯಾಗಿ ಓದುತ್ತೆ.

ಗುಬ್ಬಿ_ಅಡ್ಮಿನ್
ಟೇಪ್ ಡ್ರೈವ್ ಇಲ್ಲ ಸಾರ್. ನೆಟ್‌ವರ್ಕ್ ಇದೆ.

ಕಡಲ_ಕೇಬಲ್
ನೆಟ್‌ವರ್ಕ್ ಉಂಟಲ್ಲ ಮಾರಾಯ್ರೆ, ಸಾಕು. ಒಂದು ಲಿನಕ್ಸ್ ಪೆಟ್ಟಿಗೆಯಲ್ಲಿ ಸಾಂಬಾ (ವಿಂಡೋಸ್ ಜೊತೆ ಫೈಲ್ ಹಂಚುವ ಪ್ರೋಗ್ರಾಂ) ಶೇರ್ ಮಾಡಿ. ಆದರೆ ಎನ್‌ಟಿ 4ಕ್ಕೆ ಫೈಲ್ ಹಂಚುವ ಹಳೇ ಪ್ರೊಟೊಕಾಲ್ ಎಸ್‌ಎಂಬಿ 1 ಬಿಟ್ಟರೆ ಬೇರೆ ಭಾಷೆ ಗೊತ್ತಿಲ್ಲ. ಸಾಂಬಾ 4.11ರಿಂದ ಅದು ಡೀಫಾಲ್ಟಾಗಿ ಬಂದ್. ಕಾನ್ಫಿಗ್ ಫೈಲಿನಲ್ಲಿ "ಸರ್ವರ್ ಮಿನ್ ಪ್ರೊಟೊಕಾಲ್" ಎನ್‌ಟಿ1 ಮಾಡಿ, "ಎನ್‌ಟಿಎಲ್‌ಎಂ ಆಥ್" ಯೆಸ್ ಮಾಡಿ. ಈ ಪೆಟ್ಟಿಗೆಯನ್ನು ಆಫೀಸಿನ ನೆಟ್‌ವರ್ಕಿಗೆ ಹಾಕಬೇಡಿ. ಸರ್ವರಿಗೂ ಇದಕ್ಕೂ ಮಧ್ಯ ಬೇರೆಯೇ ಒಂದು ಸ್ವಿಚ್ ಇಡಿ. ಕೆಲಸ ಮುಗಿದ ಮೇಲೆ ಆ ಎರಡು ಸಾಲು ತೆಗೆದುಬಿಡಿ.

ಎಕ್ಸ್‌ಕಾಪಿ ಬಳಸಿದರೆ ಪರ್ಮಿಷನ್ ಬರುವುದಿಲ್ಲ, /ಓ ಸ್ವಿಚ್ ವಿಂಡೋಸ್ 2000ದಿಂದ ಈಚೆಗಿನದ್ದು. ರಿಸೋರ್ಸ್ ಕಿಟ್ಟಿನ ರೋಬೋಕಾಪಿ ಸಿಕ್ಕಿದರೆ ಅದೇ ಒಳ್ಳೆಯದು. ತಡೆದರೆ ಮತ್ತೆ ಪ್ರಯತ್ನ ಮಾಡ್ತದೆ. ಆದರೆ ಡೀಫಾಲ್ಟ್ ಬಿಟ್ಟರೆ ಒಂದೊಂದು ಕೆಟ್ಟ ಫೈಲಿಗೂ 10 ಲಕ್ಷ ಸಲ, 30 ಸೆಕೆಂಡಿಗೊಮ್ಮೆ ಪ್ರಯತ್ನ ಮಾಡ್ತಾ ಕೂರ್ತದೆ. /ಆರ್:1 /ಡಬ್ಲ್ಯೂ:1 ಕೊಡಲೇಬೇಕು. ಡಿಸ್ಕ್ 2 ಬೇನೆ ಬಿದ್ದಿರುವಾಗ ಅದನ್ನೇ ಕೆರೆದು ಕೆರೆದು ಸಾಯಿಸಬಾರದು.

ಟೇಪ್_ಡೆಕ್
ಪರ್ಮಿಷನ್ ಬಗ್ಗೆ ಒಂದು ಮಾತು ಸೇರಿಸ್ತೀನಿ. ಸಾಂಬಾ ಕಡೆ ಎನ್‌ಟಿಯ ಲೋಕಲ್ ಗ್ರೂಪುಗಳು ಅರ್ಥವಾಗೋದಿಲ್ಲ. ಅದಕ್ಕೆ ಕ್ಯಾಕಲ್ಸ್ /ಟಿ ಓಡಿಸಿ, ಯಾವ ಫೋಲ್ಡರಿಗೆ ಯಾರಿಗೆ ಏನು ಹಕ್ಕು ಅನ್ನೋ ಪಟ್ಟಿಯನ್ನ ಟೆಕ್ಸ್ಟ್ ಫೈಲಾಗಿ ಇಟ್ಕೊಳ್ಳಿ. ಶೇರ್‌ಗಳ ವಿವರ ರಿಜಿಸ್ಟ್ರಿಯಲ್ಲಿ ಲ್ಯಾನ್‌ಮ್ಯಾನ್‌ಸರ್ವರ್ ಕೆಳಗೆ ಶೇರ್ಸ್ ಅನ್ನೋ ಕೀಯಲ್ಲಿದೆ, ಅದನ್ನೂ ಎಕ್ಸ್‌ಪೋರ್ಟ್ ಮಾಡಿ. ಡೇಟಾ ಬಂದು ಶೇರ್ ಬರದಿದ್ದರೆ ಮರುದಿನ ಎಲ್ಲರ ಮ್ಯಾಪ್ಡ್ ಡ್ರೈವ್ ಸತ್ತಿರುತ್ತೆ.

ಸೆಕ್ಟರ್63
ಈಗ ಯಾರೂ ಹೇಳದ ಮುಖ್ಯ ವಿಷಯ. ಎನ್‌ಟಿ 4ರಲ್ಲಿ ವಾಲ್ಯೂಮ್ ಸೆಟ್‌ನ ನಕ್ಷೆ ಆ ಡಿಸ್ಕ್‌ಗಳ ಮೇಲೆ ಇರೋದಿಲ್ಲ. ಡಿಸ್ಕಿನ ಪಾರ್ಟಿಷನ್ ಟೇಬಲ್‌ನಲ್ಲಿ ಟೈಪ್ ಹೆಕ್ಸ್ 87 ಅಂತ ಇರುತ್ತೆ, ಅಂದರೆ "ನಾನು ಎನ್‌ಟಿಎಫ್‌ಎಸ್ ಸೆಟ್‌ನ ಒಂದು ತುಂಡು" ಅಂತ ಮಾತ್ರ. ಸಾದಾ ಎನ್‌ಟಿಎಫ್‌ಎಸ್ 07, ಅದಕ್ಕೆ 80 ಸೇರಿಸಿದರೆ 87. ಯಾವ ತುಂಡು ಮೊದಲು, ಯಾವುದು ನಂತರ ಅನ್ನೋದು ಡಿಸ್ಕ್ 0ರ ರಿಜಿಸ್ಟ್ರಿಯಲ್ಲಿದೆ: ಹೆಚ್‌ಕೆ ಲೋಕಲ್ ಮೆಷೀನ್, ಸಿಸ್ಟಮ್, ಡಿಸ್ಕ್ ಕೀ, ಅದರೊಳಗೆ ಇನ್ಫರ್ಮೇಷನ್ ಅನ್ನೋ ಬೈನರಿ ವ್ಯಾಲ್ಯೂ. ಅದು ಡಿಸ್ಕನ್ನ ಗುರುತಿಸೋದು ಎಂಬಿಆರ್‌ನ (ಡಿಸ್ಕಿನ ಮೊಟ್ಟಮೊದಲ ಸೆಕ್ಟರ್) 440ನೇ ಬೈಟಿನಿಂದ ಇರೋ 4 ಬೈಟಿನ ಸಿಗ್ನೇಚರ್‌ನಿಂದ. ಸ್ಕಸಿ ಐಡಿಯಿಂದಲ್ಲ.

ಹಾಗಾಗಿ ಡಿಸ್ಕ್ 0 ಹೋದರೂ ಇ ಡ್ರೈವ್ ಕಾಣೋದಿಲ್ಲ, ಮೂರು ಡೇಟಾ ಡಿಸ್ಕ್ ಆರೋಗ್ಯವಾಗಿದ್ದರೂ. ಈಗಲೇ ಎರಡು ಕೆಲಸ ಮಾಡಿ. ಡಿಸ್ಕ್ ಅಡ್ಮಿನಿಸ್ಟ್ರೇಟರ್, ಪಾರ್ಟಿಷನ್ ಮೆನು, ಕಾನ್ಫಿಗರೇಷನ್, ಸೇವ್. ಫ್ಲಾಪಿ ಕೇಳುತ್ತೆ. ಎರಡನೇದು ಆರ್‌ಡಿಸ್ಕ್ /ಎಸ್, ತುರ್ತು ರಿಪೇರಿ ಫ್ಲಾಪಿ ಮಾಡೋ ಕಮಾಂಡ್. ಬರೀ ಆರ್‌ಡಿಸ್ಕ್ ಅಂದರೆ ಯೂಸರ್ ಖಾತೆಗಳಿರೋ ಎಸ್‌ಎಎಂ ಅಪ್‌ಡೇಟ್ ಆಗೋದಿಲ್ಲ, /ಎಸ್ ಬೇಕು.

ಧಾರವಾಡ_ಪೆಂಗ್ವಿನ್
ಫ್ಲಾಪಿ ಒಂದೇ ಮಾಡಬ್ಯಾಡ್ರಿ, ಎರಡು ಮಾಡ್ರಿ. ಆಮೇಲೆ ಫ್ಲಾಪಿನ ಬ್ಯಾರೆ ಮಷೀನ್ಯಾಗ ಓದಿ ನೋಡ್ರಿ. ಡ್ರೈವಿನ ಹೆಡ್ ಸರಿ ಇಲ್ಲಂದ್ರ ತಾ ಬರದ್ದು ತಾ ಒಬ್ಬನ ಓದತೈತಿ, ಬ್ಯಾರೆ ಡ್ರೈವಿನಾಗ ಓದಂಗಿಲ್ಲ.

ಹೊಸ_ಬ್ಯಾಚ್
ಇಷ್ಟೆಲ್ಲ ಯಾಕೆ? ಮೂರೂ ಡಿಸ್ಕನ್ನ ವಿಂಡೋಸ್ 2000 ಅಥವಾ ಎಕ್ಸ್‌ಪಿ ಇರೋ ಮೆಷೀನಿಗೆ ಹಾಕಿ ಕಾಪಿ ಮಾಡಿದರೆ ಆಯ್ತಲ್ಲ.

ಸೆಕ್ಟರ್63
ದಯವಿಟ್ಟು ಬೇಡ. ವಿಂಡೋಸ್ 2000 ಎನ್‌ಟಿ 4ರ ಎನ್‌ಟಿಎಫ್‌ಎಸ್ ವಾಲ್ಯೂಮನ್ನ ಮೌಂಟ್ ಮಾಡಿದ ಕೂಡಲೇ 1.2 ಆವೃತ್ತಿಯಿಂದ 3.0ಗೆ ಬದಲಾಯಿಸುತ್ತೆ. ಕೇಳೋದೂ ಇಲ್ಲ. ಆಮೇಲೆ ಆ ಡಿಸ್ಕ್ ಎನ್‌ಟಿ 4ಕ್ಕೆ ವಾಪಸ್ ಬಂದರೆ ಸರ್ವಿಸ್ ಪ್ಯಾಕ್ 4ರ ಮೇಲಿದ್ದರೆ ಓದಬಹುದು, ಆದರೆ ಎನ್‌ಟಿ 4ರ ಚೆಕ್‌ಡಿಸ್ಕ್ ಅದರ ಮೇಲೆ ಓಡೋದಿಲ್ಲ. ಎಕ್ಸ್‌ಪಿ ಮತ್ತು ಸರ್ವರ್ 2003 ಬೇಸಿಕ್ ಡಿಸ್ಕಿನ ವಾಲ್ಯೂಮ್ ಸೆಟ್ಟನ್ನ ತಾವಾಗೇ ಮೌಂಟ್ ಮಾಡೋದೇ ಇಲ್ಲ. ಸಪೋರ್ಟ್ ಟೂಲ್ಸ್‌ನಲ್ಲಿ ಎಫ್‌ಟಿಆನ್‌ಲೈನ್ ಅನ್ನೋ ಕಮಾಂಡ್ ಇದೆ, ತಾತ್ಕಾಲಿಕವಾಗಿ ತರುತ್ತೆ, ರೀಬೂಟ್ ಆದರೆ ಮತ್ತೆ ಹೋಗುತ್ತೆ. ಅದು ಕೊನೆಯ ದಾರಿ, ಅದೂ ನಕಲಿನ ಮೇಲೆ. ಅಸಲಿ ಡಿಸ್ಕಿನ ಮೇಲೆ ಅಲ್ಲ.

ಹೊಸ_ಬ್ಯಾಚ್
ಸರಿ, ಒಪ್ಪಿದೆ. ಆವೃತ್ತಿ ಬದಲಾಗೋ ವಿಷಯ ಗೊತ್ತಿರಲಿಲ್ಲ.

ಧಾರವಾಡ_ಪೆಂಗ್ವಿನ್
ಫೈಲ್ ಹೊರಗ ಬಂದಮ್ಯಾಲೆ ಇಮೇಜಿನ (ಡಿಸ್ಕಿನ ಸೆಕ್ಟರ್ ಸೆಕ್ಟರ್ ನಕಲು) ಮಾತು. ಒಂದು ಡಿಸ್ಕ್ ಅಲ್ಲರೀ, ನಾಕೂ ಡಿಸ್ಕಿನ ಇಮೇಜ್ ತಗೀರಿ. ಪಾರ್ಟಿಷನ್ ಅಷ್ಟ ತಗದ್ರ ಸಿಗ್ನೇಚರ್ ಬರಂಗಿಲ್ಲ, ಅದು ಎಂಬಿಆರ್‌ನಾಗ ಐತಿ. ಇಡೀ ಡಿಸ್ಕ್, 0ನೇ ಸೆಕ್ಟರಿಂದ ಕಡೀತನಕ.

ಲಿನಕ್ಸಿನ ಸಾದಾ ನಕಲು ಕಮಾಂಡ್ ಡಿಡಿ ಬ್ಯಾಡ, ಕೆಟ್ಟ ಡಿಸ್ಕಿಗಂತನ ಇರೋ ಡಿಡಿರೆಸ್ಕ್ಯೂ ಬಳಸ್ರಿ. ಮೊದಲ ಸುತ್ತು ಮೈನಸ್ ಎನ್ ಕೊಟ್ಟು: ಚಂದಾಗಿ ಓದಾಕ ಬರೋದನ್ನ ಮೊದಲ ಎಳಕೋತೈತಿ, ಕೆಟ್ಟ ಜಾಗಾ ಬಿಟ್ಟು ಮುಂದ ಹೋಗತೈತಿ. ಎರಡನೇ ಸುತ್ತು ಮೈನಸ್ ಡಿ, ಮೈನಸ್ ಆರ್ 3. ಎರಡಕ್ಕೂ ಅದ ಇಮೇಜ್, ಅದ ಮ್ಯಾಪ್ ಫೈಲ್. ಮ್ಯಾಪ್ ಫೈಲ್ ಇಲ್ಲಂದ್ರ ಎಲ್ಲಿ ಬಿಟ್ಟಿತ್ತು ಅಂತ ಅದಕ್ಕ ತಿಳಿಯಂಗಿಲ್ಲ, ಮತ್ತ ಮೊದಲಿಂದ ಶುರು ಮಾಡತೈತಿ. ಸೆಕೆಂಡಿಗೆ 8 ಎಂಬಿ ಸಿಕ್ರ 9.1 ಜಿಬಿ ಡಿಸ್ಕಿಗೆ ಸುಮಾರು 20 ನಿಮಿಷ. ಡಿಸ್ಕ್ 2 ಮಾತ್ರ ಎಷ್ಟು ಹೊತ್ತು ತಗೋತೈತಿ ಅಂತ ಹೇಳಾಕ ಬರಂಗಿಲ್ಲ.

ಇದಕ್ಕ ಪಿಸಿಐ ಸ್ಲಾಟ್ ಇರೋ ಹಳೇ ಮಷೀನು, ಒಂದು ಅಡಾಪ್ಟೆಕ್ 2940 ಅಥವಾ 29160 ಕಾರ್ಡ್. ಲಿನಕ್ಸಿನಾಗ ಎರಡಕ್ಕೂ ಎಐಸಿ7xxx ಡ್ರೈವರ್, ಕರ್ನಲ್ ಜೋಡಿನ ಬರತೈತಿ.

ಕಡಲ_ಕೇಬಲ್
ಕೇಬಲ್ ಬಗ್ಗೆ ಯಾರೂ ಮಾತಾಡುವುದಿಲ್ಲ, ಅರ್ಧ ತೊಂದರೆ ಅಲ್ಲೇ. ಡಿಸ್ಕಿನ ಹಿಂದೆ ಎಷ್ಟು ಪಿನ್ ನೋಡಿ. 50, 68, ಅಥವಾ 80 ಇರುವ ಎಸ್‌ಸಿಎ. 80ರದ್ದಕ್ಕೆ 68ರ ಅಡಾಪ್ಟರ್ ಬೇಕು, ಐಡಿ ಜಂಪರ್ ಆ ಅಡಾಪ್ಟರಿನ ಮೇಲೆಯೇ ಇರ್ತದೆ. ಐಡಿ 7 ಕಾರ್ಡಿನದ್ದು, ಡಿಸ್ಕಿಗೆ ಕೊಡಬೇಡಿ. ಎಲ್‌ವಿಡಿ (ಕಡಿಮೆ ವೋಲ್ಟೇಜಿನ ಸ್ಕಸಿ) ಡಿಸ್ಕಿನಲ್ಲಿ ಟರ್ಮಿನೇಟರ್ (ಸಿಗ್ನಲ್ ತಿರುಗಿ ಬಾರದಂತೆ ತಡೆಯುವ ತುಂಡು) ಇರುವುದಿಲ್ಲ, ಕೇಬಲ್ಲಿನ ಕೊನೆಗೆ ಹಾಕಬೇಕು. ಟರ್ಮಿನೇಟರ್ ಇಲ್ಲದಿದ್ದರೆ ಡಿಸ್ಕ್ ಕಾಣ್ತದೆ, ಓದ್ತದೆ, ಮಧ್ಯ ಮಧ್ಯ ಎರರ್ ಕೊಡ್ತದೆ. ನೀವು ಡಿಸ್ಕ್ ಕೆಟ್ಟಿದೆ ಅಂತ ತಿಳ್ಕೊಳ್ಳುತ್ತೀರಿ. ಹೆಚ್‌ವಿಡಿ (ಹೆಚ್ಚು ವೋಲ್ಟೇಜಿನದ್ದು) ಅಂತ ಗುರುತಿದ್ದರೆ ಬೇರೆಯದರ ಜೊತೆ ಒಂದೇ ಕೇಬಲ್ಲಿಗೆ ಹಾಕಲೇಬೇಡಿ, ಸುಟ್ಟುಹೋಗಬಹುದು.

ಈವೆಂಟ್ 7 ಬರ್ತಾ ಇದೆ ಅಂದಿರಲ್ಲ, ಅದು ಡಿಸ್ಕಿನದ್ದೇ ದೂರು. 9, 11 ಬಂದರೆ ಮೊದಲು ಕೇಬಲ್, ಟರ್ಮಿನೇಟರ್, ಕಾರ್ಡ್ ನೋಡಿ.

ಗುಬ್ಬಿ_ಅಡ್ಮಿನ್
7 ಮಾತ್ರ ಸಾರ್, ಎಲ್ಲ ಡಿಸ್ಕ್ 2ರ ಮೇಲೇ. ಕಾರ್ಡ್ ಎಲ್ಲಿ ಸಿಗುತ್ತೆ?

ಹೊಸ_ಬ್ಯಾಚ್
ಬೆಂಗಳೂರಿಗೆ ಬಂದರೆ ಎಸ್.ಪಿ. ರೋಡ್ ಒಂದು ಸುತ್ತು ಹಾಕಿ. ಹೊಸ ಪಿಸಿ ಅಂಗಡಿ ಬಿಡಿ, ಹಳೇ ಸರ್ವರ್ ಪಾರ್ಟ್ಸ್ ಗುಡ್ಡೆ ಹಾಕಿರೋ ಅಂಗಡಿಗಳಲ್ಲಿ ಕೇಳಿ. ಕಾರ್ಡ್ ಜೊತೆಗೇ ಕೇಬಲ್, ಟರ್ಮಿನೇಟರ್ ತಗೊಳ್ಳಿ. ಆಮೇಲೆ ಬಿಡಿಯಾಗಿ ಹುಡುಕೋದು ಕಷ್ಟ.

ಟೇಪ್_ಡೆಕ್
ಇಮೇಜ್ ಇಮೇಜ್ ಅಂತ ಎಲ್ಲರೂ ಓಡ್ತಾ ಇದ್ದೀರಿ, ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಫೈಲ್ ಬ್ಯಾಕಪ್ ಇದ್ದರೆ ವಾಪಸ್ ತರುವಾಗ ಮೂರು ಡಿಸ್ಕ್ ಯಾಕೆ ಬೇಕು? 36 ಜಿಬಿಯ ಒಂದೇ ಡಿಸ್ಕಿಗೆ ಹಾಕಿ, ಇ ಅಂತ ಅಕ್ಷರ ಕೊಡಿ, ವಾಲ್ಯೂಮ್ ಸೆಟ್‌ನ ಕಾಟವೇ ಮುಗೀತು. ಇಮೇಜ್ ಹಾಕಿದರೆ ಅದೇ ದುರ್ಬಲ ರಚನೆಯನ್ನ ಮತ್ತೆ ಕಟ್ಟಿದ ಹಾಗೆ. ವಾಲ್ಯೂಮ್ ಸೆಟ್ಟಿಗೆ ಸೇರಿಸಬಹುದು, ತೆಗೆಯೋಕೆ ಬರೋದಿಲ್ಲ. ಒಂದು ತುಂಡು ಅಳಿಸಬೇಕು ಅಂದರೆ ಇಡೀ ಸೆಟ್ ಅಳಿಸಬೇಕು.

ಸೆಕ್ಟರ್63
ಒಪ್ತೀನಿ, ಆದರೆ ಡಿಸ್ಕ್ 2ರಲ್ಲಿ ಓದಲಾಗದ ಫೈಲ್‌ಗಳು ಇದ್ದರೆ? ರೋಬೋಕಾಪಿ ಅದನ್ನ ಬಿಟ್ಟು ಹೋಗುತ್ತೆ. ಆ ಫೈಲಿನ ನೂರಕ್ಕೆ 99 ಭಾಗ ಇಮೇಜಿನಲ್ಲಿ ಸಿಗಬಹುದು. ಎರಡೂ ಬೇಕು. ಫೈಲ್ ಬ್ಯಾಕಪ್ ಕೆಲಸಕ್ಕೆ, ಇಮೇಜ್ ಉಳಿದದ್ದನ್ನ ಹುಡುಕೋಕೆ.

ಇಮೇಜ್ ತಗೊಂಡ ಮೇಲೆ ಒಂದು ಉಪಾಯ. ಇಮೇಜಿನ ಇನ್ನೊಂದು ನಕಲು ಮಾಡಿ, ಡಿಡಿರೆಸ್ಕ್ಯೂನ ಫಿಲ್ ಮೋಡ್‌ನಲ್ಲಿ ಓದಲಾಗದ ಸೆಕ್ಟರ್‌ಗಳಿಗೆಲ್ಲ ಒಂದು ಗುರುತಿನ ಪದ ತುಂಬಿಸಿ. ಆಮೇಲೆ ವಾಲ್ಯೂಮ್ ಮೌಂಟ್ ಮಾಡಿ ಆ ಪದಕ್ಕಾಗಿ ಗ್ರೆಪ್ (ಫೈಲ್‌ಗಳೊಳಗೆ ಪದ ಹುಡುಕೋ ಕಮಾಂಡ್) ಹಾಕಿ. ಯಾವ ಫೈಲಿನಲ್ಲಿ ಸಿಗುತ್ತೋ ಆ ಫೈಲ್ ಕೆಟ್ಟಿದೆ ಅಂತ ಅರ್ಥ. ಸುಮ್ಮನೆ ಸೊನ್ನೆ ತುಂಬಿದ್ದರೆ ಯಾವುದು ಕೆಟ್ಟಿದೆ ಅಂತ ತಿಳಿಯೋದೇ ಇಲ್ಲ, ತಿಂಗಳು ಕಳೆದ ಮೇಲೆ ಯಾರೋ ತೆರೆದಾಗ ಗೊತ್ತಾಗುತ್ತೆ.

ಗುಬ್ಬಿ_ಅಡ್ಮಿನ್
ಮೂರು ಇಮೇಜನ್ನ ಒಂದೇ ವಾಲ್ಯೂಮ್ ಥರ ಮೌಂಟ್ ಮಾಡೋದು ಹೇಗೆ?

ಹೊಸ_ಬ್ಯಾಚ್
ಎಂಡಿಎಡಿಎಂ (ಲಿನಕ್ಸಿನಲ್ಲಿ ಡಿಸ್ಕ್ ಜೋಡಿಸೋ ಕಮಾಂಡ್) ಲೀನಿಯರ್ ಮೋಡ್.

ಧಾರವಾಡ_ಪೆಂಗ್ವಿನ್
ಇಲ್ರಿ, ಅಲ್ಲೇ ಎಡವೋದು. ಎಂಡಿ ಡ್ರೈವರ್ ಪ್ರತಿ ತುಂಡಿನ ಅಳತೀನ ಚಂಕಿಗೆ ತಕ್ಕಂಗ ಕೆಳಗ ಇಳಿಸತೈತಿ. ಎನ್‌ಟಿ ಮಾಡಿದ ಪಾರ್ಟಿಷನ್ ಬಾಳ ಸಲ ಬೆಸ ಸಂಖ್ಯೆ ಸೆಕ್ಟರ್ ಇರತೈತಿ. ಒಂದು ಸೆಕ್ಟರ್ ಇಳಿದ್ರೂ ಎರಡನೇ ತುಂಡಿಂದ ಮುಂದಿಂದೆಲ್ಲ ಒಂದು ಸೆಕ್ಟರ್ ಸರದು ಬಿಡತೈತಿ. ಮೊದಲ ಡಿಸ್ಕಿನ್ಯಾಗಿನ ಫೈಲ್ ಚಂದ ತೆರೀತಾವ, ಉಳಿದದ್ದು ಕಸ. ನೋಡಿದವ್ರು ಡಿಸ್ಕ್ ಕೆಟ್ಟೈತಿ ಅಂತಾರ. ಡಿವೈಸ್ ಮ್ಯಾಪರ್ ಬಳಸ್ರಿ, ಅದು ಸೆಕ್ಟರ್ ಲೆಕ್ಕದಾಗ ಕರಾರುವಾಕ್ ಇರತೈತಿ.

ಮೊದಲ ಮೂರೂ ಇಮೇಜಿಗೆ ಲೂಪ್ ಡಿವೈಸ್ (ಇಮೇಜ್ ಫೈಲನ್ನ ಡಿಸ್ಕಿನಂಗ ತೋರಸೋದು) ಮಾಡ್ರಿ, ರೀಡ್ ಓನ್ಲಿ ಸ್ವಿಚ್ ಹಾಕಿ (ಲೋಸೆಟಪ್ ಮೈನಸ್ ಆರ್). ಎಫ್‌ಡಿಸ್ಕ್ ಮೈನಸ್ ಎಲ್ ಕೊಟ್ಟು ಪಾರ್ಟಿಷನ್ ಎಲ್ಲಿ ಶುರು, ಎಷ್ಟು ಉದ್ದ ಅಂತ ಸೆಕ್ಟರಿನ್ಯಾಗ ಬರಕೋರಿ. ಸಂಖ್ಯೆ ಇಲ್ಲಿ ಹಾಕ್ರಿ, ಟೇಬಲ್ ಬರದು ಕೊಡತೀನಿ.

ಗುಬ್ಬಿ_ಅಡ್ಮಿನ್
ಫೈಲ್‌ಗಳು ಸಾಂಬಾಗೆ ಬಂದವು, 11 ಫೈಲ್ ಓದಲಿಲ್ಲ. ಇಮೇಜ್‌ಗಳೂ ಆದವು. ಡಿಸ್ಕ್ 1 ಮತ್ತು 2: ಶುರು 63, ಉದ್ದ 8385867, ಎರಡೂ ಒಂದೇ ಥರ. ಡಿಸ್ಕ್ 3: ಶುರು 63, ಉದ್ದ 17767827. ಆದರೆ ಯಾವ ಕ್ರಮ? 1, 2, 3 ಅಂತಾನೇ ಇರಬೇಕು ಅಂತ ಇದೆಯಾ?

ಸೆಕ್ಟರ್63
ಇಲ್ಲ, ಡಿಸ್ಕ್ ಸಂಖ್ಯೆಗೂ ಸೆಟ್‌ನ ಕ್ರಮಕ್ಕೂ ಸಂಬಂಧ ಇಲ್ಲ. ಆದರೆ ಮೂರೇ ತುಂಡು ಇರೋದರಿಂದ ರಿಜಿಸ್ಟ್ರಿ ನೋಡದೆಯೂ ಹೇಳಬಹುದು. ಪ್ರತಿ ಇಮೇಜಿನ 63ನೇ ಸೆಕ್ಟರನ್ನ ಹೆಕ್ಸ್ ಡಂಪ್ ಮಾಡಿ. 3ನೇ ಬೈಟಿನಿಂದ "ಎನ್‌ಟಿಎಫ್‌ಎಸ್" ಅಕ್ಷರಗಳು ಯಾವುದರಲ್ಲಿ ಇವೆಯೋ ಅದು ಮೊದಲ ತುಂಡು. ಎನ್‌ಟಿ 4 ಬೂಟ್ ಸೆಕ್ಟರಿನ ನಕಲನ್ನ ವಾಲ್ಯೂಮಿನ ಕಟ್ಟಕಡೆಯ ಸೆಕ್ಟರಿನಲ್ಲಿ ಇಡುತ್ತೆ. ಹಾಗಾಗಿ ಯಾವ ಪಾರ್ಟಿಷನ್ನಿನ ಕೊನೆ ಸೆಕ್ಟರಿನಲ್ಲಿ ಅದೇ ಅಕ್ಷರ ಕಾಣುತ್ತೋ ಅದು ಕೊನೆಯ ತುಂಡು. ಉಳಿದದ್ದು ಮಧ್ಯದ್ದು. (3.51ರಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ನಕಲು ವಾಲ್ಯೂಮಿನ ನಡುವೆ ಇರುತ್ತೆ, ಆಗ ಈ ಗುರುತು ನಡೆಯೋದಿಲ್ಲ.) ನಾಲ್ಕು ಅಥವಾ ಹೆಚ್ಚು ತುಂಡಿದ್ದರೆ ನಡುವಿನವಕ್ಕೆ ಡಿಸ್ಕ್ ಕೀ ಬೇಕೇ ಬೇಕು. 32 ತುಂಡಿನ ತನಕ ಸೆಟ್ ಮಾಡಬಹುದು, ಅಂಥದ್ದು ಸಿಕ್ಕರೆ ಊಹೆ ಮಾಡಿ ಮುಗಿಯೋದಿಲ್ಲ.

ಇನ್ನೊಂದು ತಾಳೆ: ಮೊದಲ ತುಂಡಿನ ಬೂಟ್ ಸೆಕ್ಟರಿನಲ್ಲಿ 40ನೇ ಬೈಟಿನಿಂದ 8 ಬೈಟು, ಒಟ್ಟು ಸೆಕ್ಟರ್ ಸಂಖ್ಯೆ. ಬೈಟುಗಳನ್ನ ಹಿಂದುಮುಂದು ಮಾಡಿ ಓದಬೇಕು. ಮೂರು ಉದ್ದ ಕೂಡಿದರೆ 34539561. ಅಲ್ಲಿ ಅದಕ್ಕಿಂತ ಒಂದು ಕಡಿಮೆ ಇರಬೇಕು, 34539560. ಆ ಒಂದು ಸೆಕ್ಟರ್ ಬೂಟ್ ಸೆಕ್ಟರಿನ ನಕಲಿಗೆ.

ಗುಬ್ಬಿ_ಅಡ್ಮಿನ್
ಸರಿಯಾಗಿ 34539560 ಇದೆ! ಶುರುವಿನ ಗುರುತು ಡಿಸ್ಕ್ 2ರಲ್ಲಿ, ಕೊನೆಯದು ಡಿಸ್ಕ್ 3ರಲ್ಲಿ. ಅಂದರೆ ಕ್ರಮ 2, 1, 3.

ಧಾರವಾಡ_ಪೆಂಗ್ವಿನ್
ನೋಡ್ರಿ, 1-2-3 ಅಂತ ಜೋಡಿಸಿದ್ರ ಮೌಂಟೂ ಆಗತಿರ್ಲಿಲ್ಲ. ಟೇಬಲ್ ಹಿಂಗ. ಕಮಾಂಡ್ ಕನ್ನಡದಾಗ ಬರದೀನಿ, ಟೈಪ್ ಮಾಡುವಾಗ ಇಂಗ್ಲಿಷಿನಾಗ ಹಾಕ್ರಿ:

0 8385867 ಲೀನಿಯರ್ ಲೂಪ್2 63
8385867 8385867 ಲೀನಿಯರ್ ಲೂಪ್1 63
16771734 17767827 ಲೀನಿಯರ್ ಲೂಪ್3 63

ಮೊದಲ ಅಂಕಿ ವಾಲ್ಯೂಮಿನ್ಯಾಗ ಎಲ್ಲಿಂದ, ಎರಡನೇದು ಎಷ್ಟು ಉದ್ದ, ಕಡೀದು ಆ ಇಮೇಜಿನ್ಯಾಗ ಎಲ್ಲಿಂದ. ಇದನ್ನ ಡಿಎಂಸೆಟಪ್ ಕ್ರಿಯೇಟ್‌ಗೆ ಕೊಡ್ರಿ, ರೀಡ್ ಓನ್ಲಿ ಸ್ವಿಚ್ ಜೋಡಿ. ಮೌಂಟೂ ಆರ್‌ಓ ಆಪ್ಷನ್ ಹಾಕೇ ಮಾಡ್ರಿ.

ಮುಂದ ಯಾರಿಗಾದ್ರೂ ಒಂದು ಡಿಸ್ಕ್ ಪೂರಾ ಸತ್ತಿದ್ರ: ಆ ಸಾಲಿನ್ಯಾಗ ಲೀನಿಯರ್ ಬದಲಿ "ಎರರ್" ಅಂತ ಹಾಕ್ರಿ. ಅಲ್ಲಿದ್ದ ಫೈಲ್ ಓದಾಕ ಹೋದ್ರ ಎರರ್ ಬರತೈತಿ, ಉಳಿದ ಡಿಸ್ಕಿನ್ಯಾಗಿದ್ದು ಕಾಪಿ ಆಗತಾವ. ಮೊದಲ ತುಂಡ ಸತ್ತಿದ್ರ ಮಾತ್ರ ಇದು ನಡಿಯಂಗಿಲ್ಲ, ಬೂಟ್ ಸೆಕ್ಟರ್ ಅಲ್ಲೇ ಇರತೈತಿ.

ಹೊಸ_ಬ್ಯಾಚ್
ಹಾಗಾದರೆ ಈಗ ಸರ್ವರನ್ನೇ ವರ್ಚುವಲ್ ಮೆಷೀನ್ ಮಾಡಬಹುದಲ್ಲ? ನಾಲ್ಕೂ ಇಮೇಜ್ ಇದೆ.

ಸೆಕ್ಟರ್63
ಇದು ಒಳ್ಳೆಯ ಮಾತು. ಕ್ಯೂಇಎಂಯು-ಇಮೇಜ್ ಬಳಸಿ ನಾಲ್ಕನ್ನೂ ವಿಎಂಡಿಕೆಗೆ (ವಿಎಂವೇರ್‌ನ ಡಿಸ್ಕ್ ಫೈಲ್) ಬದಲಾಯಿಸಿ. ವಿಎಂವೇರ್‌ನಲ್ಲಿ ಬಸ್‌ಲಾಜಿಕ್ ಕಂಟ್ರೋಲರ್ ಆರಿಸಿ, ಅದರ ಡ್ರೈವರ್ ಎನ್‌ಟಿ 4ರ ಸಿಡಿಯಲ್ಲೇ ಇದೆ. ಆದರೆ ಆ ಡ್ರೈವರನ್ನ ಅಸಲಿ ಸರ್ವರಿನಲ್ಲಿ ಇಮೇಜ್ ತೆಗೆಯೋ ಮೊದಲೇ ಕಂಟ್ರೋಲ್ ಪ್ಯಾನಲ್, ಸ್ಕಸಿ ಅಡಾಪ್ಟರ್ಸ್‌ನಲ್ಲಿ ಸೇರಿಸಿರಬೇಕು, ಇಲ್ಲದಿದ್ದರೆ ಬೂಟ್ ಆಗುವಾಗ ಡಿಸ್ಕ್ ಸಿಗದೆ ನೀಲಿ ಪರದೆ ಬರುತ್ತೆ. ಎಂಬಿಆರ್ ಸಮೇತ ಇಮೇಜ್ ತೆಗೆದಿದ್ದರೆ ಸಿಗ್ನೇಚರ್ ಹಾಗೇ ಇರುತ್ತೆ, ರಿಜಿಸ್ಟ್ರಿಯ ಡಿಸ್ಕ್ ಕೀ ಅದನ್ನ ಗುರುತಿಸಿ ಇ ಡ್ರೈವನ್ನ ತಾನೇ ಜೋಡಿಸುತ್ತೆ.

ಟೇಪ್_ಡೆಕ್
ಸಿಗ್ನೇಚರ್ ಬಗ್ಗೆ ಎರಡು ಎಚ್ಚರಿಕೆ. ಅಸಲಿ ಡಿಸ್ಕ್ ಮತ್ತು ಅದರ ಕ್ಲೋನ್ ಒಂದೇ ವಿಂಡೋಸ್ ಮೆಷೀನಿನಲ್ಲಿ ಒಟ್ಟಿಗೆ ಇರಬಾರದು, ಒಂದೇ ಸಿಗ್ನೇಚರ್ ಎರಡು ಕಡೆ ಕಂಡರೆ ವಿಂಡೋಸ್ ಒಂದನ್ನ ಬದಲಿಸಬಹುದು. ಇನ್ನೊಂದು, ಬೂಟ್ ಆಗ್ತಿಲ್ಲ ಅಂತ ಯಾರಾದರೂ ವಿಂಡೋಸ್ 98ರ ಫ್ಲಾಪಿಯಿಂದ ಎಫ್‌ಡಿಸ್ಕ್ /ಎಂಬಿಆರ್ ಹೊಡೆದರೆ ಸಿಗ್ನೇಚರ್ ಸೊನ್ನೆ ಆಗುತ್ತೆ. ಸೆಟ್ ಅಲ್ಲಿಗೆ ಮಾಯ. ಆಗ ಹಳೇ 4 ಬೈಟನ್ನ ಡಿಸ್ಕ್‌ಪ್ರೋಬ್‌ನಲ್ಲಿ (ಸೆಕ್ಟರ್ ತಿದ್ದೋ ಪ್ರೋಗ್ರಾಂ) ಕೈಯಾರೆ ವಾಪಸ್ ಬರೀಬೇಕು. ಆದ್ದರಿಂದ ನಾಲ್ಕೂ ಡಿಸ್ಕಿನ ಸಿಗ್ನೇಚರನ್ನ ಕಾಗದದ ಮೇಲೆ ಬರೆದು ಸರ್ವರ್ ಪೆಟ್ಟಿಗೆಯ ಒಳಗೆ ಅಂಟಿಸಿ.

ಹೊಸ ಹಾರ್ಡ್‌ವೇರಿಗೆ ಟೇಪಿನಿಂದ ರಿಸ್ಟೋರ್ ಮಾಡೋರು ರಿಜಿಸ್ಟ್ರಿ ಅನ್ನೋ ಟಿಕ್ ಹಾಕೋ ಮುಂಚೆ ಯೋಚಿಸಿ. ಹಳೇ ಡಿಸ್ಕ್ ಕೀ ಬಂದು ಕೂರುತ್ತೆ, ಅದರಲ್ಲಿರೋ ಸಿಗ್ನೇಚರ್ ಈ ಮೆಷೀನಿನಲ್ಲಿ ಇಲ್ಲ. ಈಗಿನ ಕಾನ್ಫಿಗರೇಷನ್ನನ್ನ ಮೊದಲು ಫ್ಲಾಪಿಗೆ ಸೇವ್ ಮಾಡ್ಕೊಳ್ಳಿ.

ಅಕ್ಷರ_ಪ್ರೇಮಿ
ಸ್ವಲ್ಪ ಬೇರೆ ವಿಷಯ. ಆ ಕಾಲದ ಸರ್ವರಿನಲ್ಲಿ ಕನ್ನಡ ಕಡತಗಳಿದ್ದರೆ ಬಹುಪಾಲು ಯೂನಿಕೋಡ್ ಆಗಿರೋದಿಲ್ಲ, ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿರುತ್ತವೆ. ಫಾಂಟ್ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರದ ಗೊಂದಲದಂತೆ ಕಾಣುತ್ತೆ, ಫೈಲ್ ಕೆಟ್ಟಿದೆ ಅಂತ ಅಳಿಸಬೇಡಿ. ಡಿಸ್ಕ್ 0ರ ವಿನ್‌ಎನ್‌ಟಿ ಕೆಳಗಿನ ಫಾಂಟ್ಸ್ ಫೋಲ್ಡರನ್ನೂ ಬ್ಯಾಕಪ್ ಮಾಡಿ.

ಗುಬ್ಬಿ_ಅಡ್ಮಿನ್
ಮೇಡಂ, ಇದು ನೆನಪಿಸಿದ್ದು ಒಳ್ಳೇದಾಯ್ತು, ಅರ್ಧ ಡ್ರೈವ್ ಅಂಥ ಕಡತಗಳೇ. ವಾಲ್ಯೂಮ್ ಮೌಂಟ್ ಆಯ್ತು. 11ರಲ್ಲಿ 8 ಫೈಲ್ ಇಮೇಜಿನಿಂದ ಪೂರ್ತಿ ಬಂದವು, ಗ್ರೆಪ್‌ನಲ್ಲಿ ಗುರುತಿನ ಪದ 3 ಫೈಲಿನಲ್ಲಿ ಮಾತ್ರ ಸಿಕ್ಕಿದೆ.

ಧಾರವಾಡ_ಪೆಂಗ್ವಿನ್
ಆ 3ಕ್ಕ ಡಿಸ್ಕ್ 2ರ ಮ್ಯಾಲೆ ಇನ್ನೊಂದು ಸುತ್ತು ಓಡಸ್ರಿ. ಅದ ಮ್ಯಾಪ್ ಫೈಲ್, ಮೈನಸ್ ಆರ್ 3, ಈ ಸಲ ಮೈನಸ್ ದೊಡ್ಡಕ್ಷರ ಆರ್ ಸೇರಿಸಿ. ಡಿಸ್ಕಿನ ಕಡೀಯಿಂದ ಶುರುವಿನ ಕಡೆ ಉಲ್ಟಾ ಓದತೈತಿ, ಒಮ್ಮೊಮ್ಮೆ ಇನ್ನೊಂದಿಷ್ಟು ಸೆಕ್ಟರ್ ಸಿಗತಾವ. ಡಿಸ್ಕಿಗೆ ಫ್ಯಾನ್ ಗಾಳಿ ಬಿಡೋದು ಮರೀಬ್ಯಾಡ್ರಿ.